ಡೆಫಿನೆಟ್ಲಿ ಸೋಮವಾರ

ನಮ್ಮ ಭಾವ ಟೇಲರ್. ಕೈ ಚಿನ್ನದಂಥದ್ದು, ಬಾಯಿಯದೇ ತೊಂದರೆ. ಮೂವತ್ತು ವರ್ಷದ ಕೆಳಗೆ ಯಾವನೋ ಗಿರಾಕಿ ಕೋಟಿಗೆ ಅಳತೆ ಕೊಡುತ್ತಾ ಆಕ್ಚುಲಿ, ಬೇಸಿಕಲಿ ಎಂದನಂತೆ. ಅಂದಿನಿಂದ ಇವರಿಗೆ ಅಂಟಿಕೊಂಡಿತು. ಅಂಗಡಿಗೆ ಬರುವವರೂ ಈಗ ಅರ್ಥ ಕಲಿತಿದ್ದಾರೆ. ಭಾವ 'ಆಲ್ಮೋಸ್ಟ್ ಆಗಿದೆ' ಎಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ. 'ಇಮ್ಮೀಡಿಯೇಟ್ಲಿ ಕೊಡ್ತೀನಿ' ಎಂದರೆ ಹದಿನೈದು ದಿನ. 'ಡೆಫಿನೆಟ್ಲಿ' ಎಂದರೆ ಆಸೆ ಬಿಡಬೇಕು. ನನ್ನ ಪ್ಯಾಂಟಿಗೆ ಡೆಫಿನೆಟ್ಲಿ ಎಂದು ಒಂದೂವರೆ ವರ್ಷವಾಯಿತು. ಈಗ ಹೊಲಿದರೂ ಅದು ನನ್ನ ಸೊಂಟಕ್ಕೆ ಏರುವುದಿಲ್ಲ. ಅಕ್ಕನ ಗಂಡ ಅಂತ ಸುಮ್ಮನಿದ್ದೇನೆ, ಇಲ್ಲದಿದ್ದರೆ ಜನ್ಮ ಜಾಲಾಡುತ್ತಿದ್ದೆ.

ಹೀಗಿರುವಾಗ ಅವರ ಮಗಳಿಗೆ ಇಂಟರ್‌ವ್ಯೂ ಬಂತು. ದೊಡ್ಡ ಹೋಟೆಲಿನ ರಿಸೆಪ್ಷನ್ ಕೆಲಸ, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಕರಿ ಕೋಟು ಇಲ್ಲದವರನ್ನು ಒಳಗೇ ಬಿಡುವುದಿಲ್ಲವಂತೆ. ಅವಳು ಎರಡು ವರ್ಷದಿಂದ ಕಾದ ಕೆಲಸ ಅದು. ಬುಧವಾರ ಬಟ್ಟೆ ತಂದು ಅಪ್ಪನ ಮುಂದೆ ಹಿಡಿದಳು.

"ಅಪ್ಪ, ಭಾನುವಾರದೊಳಗೆ ಆಗುತ್ತಾ?"

"ಡೆಫಿನೆಟ್ಲಿ ಮಗಳೇ."

ಹುಡುಗಿಯ ಮುಖ ಬಿಳಿಚಿಕೊಂಡಿತು. ಬಟ್ಟೆ ಮಡಚಿಕೊಂಡು, ರಸ್ತೆ ದಾಟಿ ಎದುರು ಟೇಲರ್‌ಗೆ ಕೊಟ್ಟು ಬಂದಳು.

ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಮಗಳ ಬಟ್ಟೆ ಎದುರಂಗಡಿಯ ಮೊಳೆಯಲ್ಲಿ ಮೂರು ದಿನ ಹಾಗೇ ನೇತಾಡುವುದನ್ನು ಕಂಡು ಭಾವನಿಗೆ ಊಟ ಸೇರಲಿಲ್ಲ. ಶನಿವಾರ ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದರು.

"ಅದು ನನ್ ಮಗಳ ಕೋಟು. ಯಾವಾಗ ಕೊಡ್ತೀಯ?"

ಎದುರು ಟೇಲರ್ ಕೊರಳಿನ ಟೇಪು ಸರಿಮಾಡಿಕೊಳ್ಳುತ್ತಾ, "ಆಲ್ಮೋಸ್ಟ್ ಆಗಿದೆ. ಡೆಫಿನೆಟ್ಲಿ ಸೋಮವಾರ," ಎಂದ.

ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಭಾವ ಕೆಂಪಗಾದರು. "ಆ ಮಾತು ನನ್ ಹತ್ರಾನೇ ಹೇಳ್ತೀಯೇನಯ್ಯಾ?" ಎಂದವರೇ ಮೊಳೆಯಿಂದ ಬಟ್ಟೆ ಕಿತ್ತುಕೊಂಡು ಓಡಿದರು. ಐವತ್ತೆಂಟರ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ.

ಅಂಗಡಿಯ ಬಾಗಿಲು ಅರ್ಧ ಎಳೆದು ಮಷೀನಿಗೆ ಕೂತರು. ಬಂದ ಗಿರಾಕಿಗಳಿಗೆ ಒಂದು ಬೇಸಿಕಲಿಯೂ ಸಿಗಲಿಲ್ಲ. ನಾನು ಗುಂಡಿ ಹೊಲಿಯಲು ಹೋಗಿ ಬೈಸಿಕೊಂಡೆ. ಭಾನುವಾರ ಸಂಜೆ ನಾಲ್ಕಕ್ಕೆ ಇಸ್ತ್ರಿ ಸಮೇತ ಕೋಟು ಸಿದ್ಧವಾಯಿತು.

ಮಗಳು ತೊಟ್ಟುಕೊಂಡಳು. ಭುಜ ಅಚ್ಚು ಹಾಕಿದಂತೆ ಕೂತಿತ್ತು. ಅವಳ ಕಣ್ಣು ತುಂಬಿ ಬಂತು.

"ತಪ್ಪಾಯ್ತಪ್ಪ, ನಿನ್ಗೇ ಕೊಡ್ಬೇಕಿತ್ತು."

ಭಾವ ಅವಳ ಕಾಲರಿನ ಮೇಲಿದ್ದ ಒಂದೆಳೆ ದಾರ ತೆಗೆದರು.

"ಇಲ್ಲ ಮಗಳೇ," ಎಂದರು. "ನನಗೇ ಕೊಟ್ಟಿದ್ರೆ ಆಗ್ತಿರ್ಲಿಲ್ಲ."