ಪ್ಯಾಟ್ ಸಾಯದೆ ಉಳಿದ ಭಾನುವಾರ

ಭಾನುವಾರ ಬೆಳಿಗ್ಗೆ ಸುಮಕ್ಕನ ಕಾರಿನಲ್ಲಿ ನಮ್ಮೂರು ಲೂಕನ್ ಬಿಟ್ಟು ಹೊರಟೆವು. ಸುಮಕ್ಕ ಮೂಳೆ ಡಾಕ್ಟರು. ನಾನು ಅವರ ಮನೆಯಲ್ಲಿ ಬಾಡಿಗೆಗಿದ್ದೇನೆ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಪ್ಯಾಟ್, ಅವರ ಹೆಂಡತಿ ನೋರಾ. ಪ್ಯಾಟ್ ಆಗಲೇ ನೀಲಿ ಸೈನಿಕ ಕೋಟು ತೊಟ್ಟಿದ್ದರು.

ಅವರ ಮುತ್ತಜ್ಜನ ಅಣ್ಣ ಅಮೆರಿಕದ ಅಂತರ್ಯುದ್ಧದಲ್ಲಿ, ಯಾವುದೋ ಹೊಳೆಯ ಸೇತುವೆಯ ಬಳಿ ಸತ್ತವನು. ಇನ್ನೂ ಹುಡುಗ. ಆ ಪುಟ್ಟ ಕಾಳಗವನ್ನು ಅವನ ಐರಿಶ್ ಊರಿನವರು ಪ್ರತಿ ಬೇಸಿಗೆ ಬ್ಯಾರೋ ನದಿಯ ಸೀಮೆಯ ತಮ್ಮ ಹೊಳೆಯ ದಡದಲ್ಲಿ ಆಡಿ ತೋರಿಸುತ್ತಾರೆ. ಅವನ ಪಾತ್ರದಲ್ಲಿ ಸತ್ತು ಬೀಳುವವರು ಪ್ಯಾಟ್. ಈ ಸಲ ಅವರ ಮಂಡಿಗೆ ಆಪರೇಷನ್ ಆಗಿತ್ತು.

"ನಡೀಬಹುದು. ಬೀಳೋ ಹಾಗಿಲ್ಲ," ಎಂದು ಸುಮಕ್ಕ ಇಂಗ್ಲಿಷಿನಲ್ಲಿ ಗದರಿದರು.

"ನಿಂತುಕೊಂಡು ಹೇಗೆ ಸಾಯಲಿ, ಡಾಕ್ಟರ್?"

"ಮನೇಲಿ ಸೋಫಾ ಮೇಲೆ ದಿನಾ ಸಾಯ್ತೀಯಲ್ಲ, ಹಾಗೆ," ಎಂದರು ನೋರಾ.

ಪ್ಯಾಟ್ ನಗಲಿಲ್ಲ. "ಅವನಿಗೆ ಗೋರಿಯೂ ಇಲ್ಲ. ನಾನು ಬೀಳದಿದ್ದರೆ ಅವನನ್ನ ಯಾರು ನೆನೆಸ್ತಾರೆ?"

ಒಂದು ಗಂಟೆಯ ದಾರಿ. ಹೊಳೆಯ ಬಳಿ ತುಂತುರು ಮಳೆ, ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ನಮ್ಮ ಡಬ್ಬಿಯಲ್ಲಿ ಚಿತ್ರಾನ್ನ. ಶತ್ರುಗಳಾದ ಬೂದು ಕೋಟಿನ ಕಡೆಗೆ ಜನ ಸಾಲದೆ ನೀಲಿಯವರಲ್ಲಿ ಮೂವರು ಗೊಣಗುತ್ತ ಕೋಟು ಬದಲಿಸಿದರು.

ಆಟ ಶುರುವಾಗಿ ಹುಸಿಗುಂಡಿನ ಹೊಗೆ ಎದ್ದಿತು. ಮರದ ಸೇತುವೆಯ ಬಾಯಲ್ಲಿ ಒಬ್ಬೊಬ್ಬರೇ ಬಿದ್ದರು. ಪ್ಯಾಟ್ ನಿಂತೇ ಇದ್ದರು. "ಬೀಳ್ಬೇಡಿ ಅಂಕಲ್, ಬೀಳ್ಬೇಡಿ," ಎಂದು ಸುಮಕ್ಕ ಕನ್ನಡದಲ್ಲೇ ಜಪಿಸುತ್ತ ನನ್ನ ಕೈ ಹಿಂಡಿದರು.

"ಪ್ಯಾಟ್, ನಿನಗೆ ಗುಂಡು ತಗುಲಿದೆ!" ಎಂದು ಆಚೆ ದಡದಿಂದ ಒಬ್ಬ ಕೂಗಿದ.

"ತಗುಲಿಲ್ಲ ಕಣೋ!"

ಕಂಬಿ ಹಿಡಿದು ಅವರು ಸೇತುವೆ ಹತ್ತಿದರು. ನಿಧಾನವಾಗಿ ದಾಟಿದರು. ಆಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ; ಅಷ್ಟು ವರ್ಷ ಅದರಾಚೆಯ ಆಟವನ್ನು ಕಲಿತೇ ಇರಲಿಲ್ಲ. ಎದುರು ಪಾಳೆಯದವರಿಗೂ ಗೊತ್ತಿರಲಿಲ್ಲ. ಕೊನೆಗೆ ಒಬ್ಬ ಬಂದೂಕು ಕೆಳಗಿಟ್ಟು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟ.

"ಮಂಡಿ ಹೇಗಿದೆ?" ಎಂದು ಸುಮಕ್ಕ ಈಚೆಯಿಂದ ಕೂಗಿದರು.

"ಗ್ರ್ಯಾಂಡ್!"

ಹಿಂದಿರುಗುವಾಗ ಪ್ಯಾಟ್ ನೀಲಿ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ದಾಟಿದ್ದಿದ್ದರೆ ಆ ಹುಡುಗ ಏನು ಮಾಡ್ತಿದ್ದ ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ," ಎಂದರು.

"ಊಟ ಕೇಳ್ತಿದ್ದ," ಎಂದರು ನೋರಾ. "ನಿಮ್ಮ ವಂಶದವನಲ್ಲವಾ?"

ದಾರಿಯಲ್ಲಿ ನಾಸ್ ಪಟ್ಟಣ ಬರುವಷ್ಟರಲ್ಲಿ ಅವರಿಬ್ಬರೂ ಸೇರಿ ಆ ಹುಡುಗನಿಗೆ ಮಾತಿನಲ್ಲೇ ರೈಲ್ವೆಯಲ್ಲಿ ಕೆಲಸ ಕೊಡಿಸಿದ್ದರು. ಲೂಕನ್‌ನ ತಿರುವಿನಲ್ಲಿ ಅವನ ಮೊದಲ ಮಗಳ ಹೆಸರಿಗೆ ಜಗಳ ಇನ್ನೂ ನಡೆದೇ ಇತ್ತು. ಸುಮಕ್ಕ ಕಾರು ನಿಲ್ಲಿಸದೆ ಮನೆ ದಾಟಿ ಇನ್ನೊಂದು ಸುತ್ತು ಹಾಕಿದರು.