ನಮ್ಮಣ್ಣ ಕ್ಲೋವಿಸ್ ಮತ್ತು ಡೆಲ್ಬರ್ಟ್‌ನ ಹಂದಿಕೂಗು

ನಮ್ಮಣ್ಣ ಕ್ಲೋವಿಸ್‌ಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಂದಿಯ ಮುಖ ಮರೆಯುವುದಿಲ್ಲ. ಸ್ವಂತ ಅತ್ತೆಯನ್ನು ದಿನಸಿ ಅಂಗಡಿಯಲ್ಲಿ ಕಂಡು "ಎಲ್ಲೋ ನೋಡ್ದಂಗಿದೆಯಲ್ಲಮ್ಮ" ಅಂದವನು, ಅದೇ ವಾರ ನೆಚಿಸ್ ಹೊಳೆಯಾಚೆಯ ಪೊದೆಯಲ್ಲಿ ಬರೀ ಹಿಂಭಾಗ ಕಂಡ ಗಂಡುಹಂದಿಯೊಂದನ್ನು "ಇವ್ನೇ ಕಣೇ, ಹೋದ ಚಳಿಗಾಲ ನನ್ನ ನಾಯಿ ಹೊಟ್ಟೆ ಸೀಳಿದ್ದು" ಎಂದು ಗುರುತು ಹಿಡಿದ. ಅತ್ತಿಗೆ ಅವನನ್ನು ಬಿಟ್ಟು ಹೋದಾಗ ಊರಿನವರು ಯಾಕೆ ಎಂದು ಕೇಳಲಿಲ್ಲ. ಇಷ್ಟು ವರ್ಷ ಹೇಗೆ ತಡೆದುಕೊಂಡಳು ಎಂದಷ್ಟೇ ಕೇಳಿದರು.

ನಮ್ಮ ಪೂರ್ವ ಟೆಕ್ಸಸ್‌ನ ಹೊಳೆತಗ್ಗಿನಲ್ಲಿ ಕಾಡುಹಂದಿ ಎಂದರೆ ಅದೇನೂ ಕಾಡಿನದಲ್ಲ. ತಾತಂದಿರ ಕಾಲದಲ್ಲಿ ಹಂದಿಗೆ ಬೇಲಿ ಹಾಕುವ ಪದ್ಧತಿಯೇ ಇರಲಿಲ್ಲ. ಮನೆತನಕ್ಕೊಂದು ಗುರುತಿನಂತೆ ಕಿವಿ ಕತ್ತರಿಸಿ, ಓಕ್ ಕಾಯಿ ತಿಂದು ಬೆಳೆದುಕೊಳ್ಳಲಿ ಎಂದು ತಗ್ಗಿಗೆ ಬಿಟ್ಟುಬಿಡುತ್ತಿದ್ದರು. ಚಳಿ ಬಿದ್ದ ಮೇಲೆ ಹೊಳೆದಂಡೆಗೆ ಹೋಗಿ ಕೂಗುತ್ತಿದ್ದರು. ಕೂಗು ಕೂಡ ಮನೆತನಕ್ಕೊಂದು. ಅವರವರ ಹಂದಿ ಅವರವರ ಕೂಗಿಗೆ ಬರುತ್ತಿತ್ತು. ಬಾರದೆ ಉಳಿದವುಗಳ ಸಂತಾನವೇ ಈಗ ನಮ್ಮ ಹೊಲ ಅಗೆದು ಹಾಕುತ್ತಿರುವುದು. ಕ್ಲೋವಿಸ್ ಅವನ್ನು "ತಾತನ ಆಸ್ತಿ" ಅನ್ನುತ್ತಾನೆ. ಹಾಗಂದು ಗುಂಡು ಹೊಡೆಯುತ್ತಾನೆ.

ಹೊಡೆಯುವ ಮುಂಚೆ ಮಾತ್ರ ನೋಡುತ್ತಾನೆ. ಬೇರೆಯವರ ಸಾಕುಹಂದಿ ಹೊಡೆದವನಿಗೆ ನಮ್ಮ ಕಡೆ ಮುಖ ಎತ್ತಿ ತಿರುಗುವ ಹಾಗಿಲ್ಲ. ಬೇಲಿ ಹಾರಿದ ಹಂದಿಯನ್ನು ಹಿಡಿದು ಒಡೆಯನಿಗೆ ಮುಟ್ಟಿಸುವುದೇ ಮರ್ಯಾದೆ. ಹಾಗಾಗಿ ಯಾರು ಕರೆದರೂ ಕ್ಲೋವಿಸ್ ಮೊದಲು ಬೇಲಿಗೆ ಒರಗಿ ಪಾಠ ಶುರು ಮಾಡುತ್ತಾನೆ. "ಮೂತಿ ನೋಡು, ಉದ್ದಕ್ಕಿದ್ರೆ ಕಾಡಿಂದು, ಮೊಂಡಾಗಿದ್ರೆ ಮನೇದು. ಬಾಲ ನೆಟ್ಟಗಿದ್ಯಾ, ಸುತ್ಕೊಂಡಿದ್ಯಾ? ಹೆಗಲು ಎತ್ರಾನಾ, ಕುಂಡೆ ಎತ್ರಾನಾ? ಇದೂ ಗೊತ್ತಾಗ್ಲಿಲ್ಲ ಅಂದ್ರೆ ಒಂದ್ಸಲ ಹೆದರ್ಸು. ಕಾಡಿಂದು ಓಡಿದ್ರೆ ಓಡ್ತು, ಮುಗೀತು. ಮನೇದು ಒಂದಷ್ಟು ದೂರ ಓಡಿ, ನಿಂತು, ತಿರುಗಿ ನೋಡುತ್ತೆ, ಊಟದ ಕಥೆ ಏನಾಯ್ತು ಅಂತ."

ಇಷ್ಟೆಲ್ಲ ಬಲ್ಲವನು ಒಮ್ಮೆ ಎಡವಿದ. ಪಾದ್ರಿ ವೆಂಡೆಲ್ ಅವರ ಗಂಡುಹಂದಿ ತಪ್ಪಿಸಿಕೊಂಡಿತ್ತು. ಎಡಗಿವಿಯಲ್ಲಿ ಒಂದು ಕಚ್ಚು ಇದೆ ಎಂದು ಅವರು ಹೇಳಿದ್ದರು. ಕ್ಲೋವಿಸ್ ಎಡಗಿವಿಯಲ್ಲಿ ಕಚ್ಚು ಇದ್ದ ಹಂದಿಯನ್ನೇ ಹಿಡಿದು ತಂದ. ಮೂತಿ ಉದ್ದ, ಬಾಲ ನೆಟ್ಟಗೆ. "ಕಾಡಲ್ಲಿ ಸ್ವಲ್ಪ ಕೆಟ್ಟಿದೆ ಅಷ್ಟೇ, ಕಿವಿ ಸುಳ್ಳು ಹೇಳಲ್ಲ ಪಾದ್ರಿಗಳೇ" ಎಂದು ಚರ್ಚಿನ ಹಿಂದಿನ ಕೊಟ್ಟಿಗೆಗೆ ಸೇರಿಸಿದ. ಆ ಕಿವಿಗೆ ಕಚ್ಚು ಬಿದ್ದದ್ದು ಒಡೆಯನ ಚಾಕುವಿನಿಂದಲ್ಲ, ಯಾವುದೋ ನಾಯಿಯ ಹಲ್ಲಿನಿಂದ. ಭಾನುವಾರ ಎರಡನೇ ಭಜನೆಯ ಹೊತ್ತಿಗೆ ಅದು ಹಲಗೆ ಗೋಡೆ ಒಡೆದುಕೊಂಡು ಅಡುಗೆಮನೆಗೆ ನುಗ್ಗಿತು. ಮಹಿಳಾ ಸಂಘದವರೆಲ್ಲ ಮೇಜು ಹತ್ತಿದರು. ನಾನೂ ಹತ್ತಿದೆ, ಕೈಯಲ್ಲಿದ್ದ ಬೀನ್ಸ್ ಪಾತ್ರೆ ಮಾತ್ರ ಬಿಡಲಿಲ್ಲ. "ಕಿವಿ ಸರಿಯಾಗೇ ಇತ್ತು, ಹಂದಿ ತಪ್ಪಾಗಿತ್ತು" ಎಂದು ಕ್ಲೋವಿಸ್ ಇವತ್ತಿಗೂ ವಾದಿಸುತ್ತಾನೆ. ಆಮೇಲೆ ಊರಲ್ಲಿ ಅವನ ಗುರುತನ್ನು ಪೂರ್ತಿ ನಂಬಿದವನು ಒಬ್ಬನೇ, ಡೆಲ್ಬರ್ಟ್ ಸ್ಟ್ರಿಂಗರ್. ನಂಬುತ್ತೇನೆಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಆ ಮಾತು ಬೇರೆ.

ಡೆಲ್ಬರ್ಟ್ ಮತ್ತು ಕ್ಲೋವಿಸ್ ಎಣ್ಣೆ ಸೀಗೆಕಾಯಿ. ಒಬ್ಬ ಹಂದಿ ಸಾಕುವವನು, ಇನ್ನೊಬ್ಬ ಕೊಲ್ಲುವವನು. ಮೇವಿನ ಅಂಗಡಿಯ ಬೆಂಚಿನ ಎರಡು ತುದಿಯಲ್ಲಿ ಕೂತು ಮೂವತ್ತು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡರು. ಒಬ್ಬ ಬಾರದಿದ್ದ ದಿನ ಇನ್ನೊಬ್ಬ ಎದ್ದು ಮನೆಗೆ ಹೋಗಿಬಿಡುತ್ತಿದ್ದ. ಡೆಲ್ಬರ್ಟ್ ತನ್ನ ಮನೆತನದ ಕೂಗನ್ನು ಇನ್ನೂ ಬಿಟ್ಟಿರಲಿಲ್ಲ. ಬೇಲಿಯೊಳಗೇ ಇರುವ ಹಂದಿಗಳನ್ನು ಊಟಕ್ಕೆ ಕರೆಯಲು ಸಂಜೆ ಹೊತ್ತು ಗೇಟಿಗೆ ನಿಂತು "ವೂ...ಊ...ಊಯ್! ಪೀಗ್, ಪೀಗ್!" ಎಂದು ಶುರು ಮಾಡಿದರೆ, ಬಾಗಿಲ ಸಂದಿಗೆ ಕಾಲು ಸಿಕ್ಕಿಸಿಕೊಂಡವನು ದೇವರನ್ನು ಕರೆದ ಹಾಗಿರುತ್ತಿತ್ತು. ಕ್ಲೋವಿಸ್ ಅದನ್ನು ಅಂಗಡಿಯಲ್ಲಿ ಅಣಕಿಸುತ್ತಿದ್ದ. ಕತ್ತು ಚಾಚಿ, ಕಣ್ಣು ಮುಚ್ಚಿ, ಡೆಲ್ಬರ್ಟ್‌ನ ಹಾಗೇ ಒಂದು ಕೈ ಸೊಂಟದ ಮೇಲಿಟ್ಟು. ಜನ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಡೆಲ್ಬರ್ಟ್ ಮಾತ್ರ "ಮಾಡೋ ಮಾಡು, ನಿನ್ನ ಕರೆಗೆ ನಿನ್ನ ಹೆಂಡ್ತೀನೂ ಬರ್ಲಿಲ್ಲ" ಅನ್ನುತ್ತಿದ್ದ.

ಮಾರ್ಚಿಯಲ್ಲಿ ಡೆಲ್ಬರ್ಟ್ ಸತ್ತ. ಮಣ್ಣು ಮಾಡಿ ಬಂದು ಚರ್ಚಿನಲ್ಲಿ ಊಟಕ್ಕೆ ಕೂತಿದ್ದೆವು. ಯಾರೋ "ಡೆಲ್ಬರ್ಟ್ ಇದ್ದಿದ್ರೆ ಈ ಕೋಳಿ ನೋಡಿ ಏನಂತಿದ್ದ" ಅಂದರು. ಅಷ್ಟೇ ಸಾಕಾಯಿತು. ನಮ್ಮಣ್ಣ ಕೋಳಿಕಾಲು ಕೈಯಲ್ಲಿ ಹಿಡಿದುಕೊಂಡೇ ತಲೆ ಹಿಂದಕ್ಕೆಸೆದು ಆ ಕೂಗು ಹಾಕಿಬಿಟ್ಟ. ಚಮಚದ ಸದ್ದೂ ನಿಂತಿತು. ಡೆಲ್ಬರ್ಟ್‌ನ ಹೆಂಡತಿ ಒಪಲ್ ಎದ್ದು ನಿಂತು ಬಾಗಿಲು ತೋರಿಸಿ "ಆಚೆ" ಎಂದಳು. ಇವನು ಕೋಳಿಕಾಲಿನೊಂದಿಗೇ ಆಚೆ ಹೋದ. ಅಳಲು ಬಾರದವನು ಅಣಕಿಸಿದ, ನನಗದು ಗೊತ್ತಾಯಿತು. ಒಪಲ್‌ಗೆ ಅದನ್ನು ಅರ್ಥ ಮಾಡಿಕೊಳ್ಳುವ ಸ್ಥಿತಿ ಇರಲಿಲ್ಲ, ಅವಳ ತಪ್ಪೂ ಅಲ್ಲ. ಅಂದಿನಿಂದ ಅವಳು ನಮ್ಮಣ್ಣನ ಜೊತೆ ಮಾತು ಬಿಟ್ಟಳು.

ಮೇ ತಿಂಗಳಲ್ಲಿ ಹೊಳೆ ಉಕ್ಕಿ ಒಪಲ್‌ಳ ಬೇಲಿ ಕೊಚ್ಚಿಕೊಂಡು ಹೋಯಿತು. ಬೇಲಿಯ ಜೊತೆಗೆ ಟ್ರೂಡಿಯೂ ಹೋದಳು. ಟ್ರೂಡಿ ಡೆಲ್ಬರ್ಟ್ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರಿ ಹೆಣ್ಣುಹಂದಿ, ಅವನು ಉಳಿಸಿ ಹೋದ ಒಂದೇ ಹಂದಿ. ಅವಳು ಹೋದ ಸುದ್ದಿ ಹೇಳುವಾಗ ಒಪಲ್ ನಮ್ಮ ಜಗಲಿಯಲ್ಲಿ ಕೂತು ಗೊಳೋ ಎಂದು ಅತ್ತಳು. "ನಲವತ್ತು ವರ್ಷ ಸಂಸಾರ ಮಾಡಿದೀನಿ ನಡೀನ್. ಸಾಯೋವಾಗ ನನ್ನ ಕೈ ಹಿಡ್ಕೊಂಡು ಏನಂದ ಗೊತ್ತಾ ಆ ಪುಣ್ಯಾತ್ಮ? 'ಟ್ರೂಡಿನ ನೋಡ್ಕೋ' ಅಂದ. ನನ್ನ ಬಗ್ಗೆ ಒಂದ್ ಮಾತಿಲ್ಲ! ಈಗ ಅದನ್ನೂ ಕಳ್ಕೊಂಡೆನಲ್ಲೇ." ನಗಬೇಕೋ ಅಳಬೇಕೋ ತಿಳಿಯದೆ ನಾನು ಕಾಫಿ ಬಗ್ಗಿಸಿದೆ.

ಅಕ್ಟೋಬರಿನಲ್ಲಿ ರೇಫರ್ಡ್ ಗಂಟ್‌ನ ಗೆಣಸಿನ ಹೊಲಕ್ಕೆ ಹಂದಿಗಳು ಬಿದ್ದವು. ಗೆಣಸು ಬೆಳೆದವನು ಅವನು, ಕಿತ್ತು ತಿಂದವರು ಇವರು. ಕ್ಲೋವಿಸ್ ತಗ್ಗಿನಂಚಿನಲ್ಲಿ ಕಬ್ಬಿಣದ ಜಾಲರಿಯ ದೊಡ್ಡ ದುಂಡು ದೊಡ್ಡಿ ಕಟ್ಟಿ, ಹುಳಿ ಬರಿಸಿದ ಜೋಳ ಸುರಿದು ಕಾದ. ಒಂದು ಬೆಳಿಗ್ಗೆ ಗೇಟು ಬಿದ್ದು ಇಡೀ ಹಿಂಡು ಒಳಗಾಯಿತು. ಅವನು ನನಗೆ ಫೋನು ಮಾಡಿದ.

"ಕರಿ ಹೆಣ್ಣುಗಳಿವೆ ಕಣೇ. ಅವಳಿಗೆ ಹೇಳು."

"ನೀನೇ ಹೇಳೋ."

"ಫೋನ್ ಇಟ್ಬಿಡ್ತಾಳೆ ನಡೀನ್."

ನಾನು ಒಪಲ್‌ಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ರೇಫರ್ಡ್ ಬಂದೂಕು ಹೆಗಲಿಗೇರಿಸಿ ನಿಂತಿದ್ದ. "ನೋಡ್ಕೊಳ್ರಪ್ಪ, ನಿಮಗೊಂದು ಹಂದಿ ಬಿಡ್ತೀನಿ, ಒಂದೇ ಒಂದು. ಮಿಕ್ಕಿದ್ದು ಊಟದ ಹೊತ್ತಿಗೆ ಸತ್ತಿರ್ಬೇಕು" ಎಂದ. ಅವನನ್ನು ದೂರುವ ಹಾಗಿರಲಿಲ್ಲ. ಹೊಲದಲ್ಲಿ ಬಳ್ಳಿಗಿಂತ ಗುಂಡಿಯೇ ಹೆಚ್ಚಿತ್ತು.

ಒಪಲ್ ಜಾಲರಿಗೆ ಮುಖ ಆನಿಸಿದಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಹಂದಿ ಯಾವುದು ನೆರಳು ಯಾವುದು ಎಂದು ತಿಳಿಯುವುದಿಲ್ಲ. "ನಡೀನ್, ನಿಮ್ಮಣ್ಣನ್ನ ಕೇಳು, ಇದ್ರಲ್ಲಿ ನನ್ನ ಟ್ರೂಡಿ ಇದಾಳಾ ಅಂತ."

"ನಡೀನ್, ಅವಳಿಗೆ ಹೇಳು, ನೋಡ್ತಾ ಇದೀನಿ ಅಂತ."

"ನಾನೇನು ಟೆಲಿಫೋನ್ ಕಂಬಾನಾ? ಇಬ್ರೂ ಎದುರಾ ಎದುರೇ ಇದೀರಲ್ಲ!" ಎಂದೆ. ಇಬ್ಬರಿಗೂ ಕೇಳಿಸಲಿಲ್ಲ.

ಕ್ಲೋವಿಸ್ ದೊಡ್ಡಿ ಸುತ್ತಿದ. ಕೂತು ನೋಡಿದ. ಮತ್ತೆ ಸುತ್ತಿದ. ಕಿವಿ ನೋಡೋಣವೆಂದರೆ ಡೆಲ್ಬರ್ಟ್ ಟ್ರೂಡಿಯ ಕಿವಿ ಕತ್ತರಿಸಿರಲಿಲ್ಲ, "ಮಕ್ಳ ಕಿವಿ ಯಾರಾದ್ರೂ ಕುಯ್ತಾರೇನೋ" ಅನ್ನುತ್ತಿದ್ದ. ಬಾಲ ನೋಡೋಣವೆಂದರೆ ಅವಳ ಬಾಲವನ್ನು ಮರಿಯಾಗಿದ್ದಾಗಲೇ ಇನ್ನೊಂದು ಹಂದಿ ಕಚ್ಚಿ ಹಾಕಿತ್ತು. ಈ ಹಿಂಡಿನಲ್ಲೋ ನಾಯಿಗಳಿಗೆ ಬಾಲ ಕೊಟ್ಟು ಬಂದ ಕರಿ ಹೆಣ್ಣುಗಳು ನಾಲ್ಕು. ಮೂತಿಯೂ ಹಾಗೇ. ಎಷ್ಟಾದರೂ ಎಲ್ಲವೂ ನಮ್ಮ ಮನೆಗಳ ಹಂದಿಗಳ ಮೊಮ್ಮಕ್ಕಳೇ, ಅರ್ಧಕ್ಕರ್ಧ ಸ್ಟ್ರಿಂಗರ್ ಮನೆಯ ಮೋರೆಯೇ. ಕಾಡಿನಲ್ಲಿ ಐದು ತಿಂಗಳು ಕಳೆದರೆ ಸಾಕುಹಂದಿಗೂ ಒರಟು ಕೂದಲು ಬರುತ್ತದೆ, ಬೊಜ್ಜು ಇಳಿಯುತ್ತದೆ. ಹೆದರಿಸಿ ನೋಡೋಣವೆಂದರೆ ಓಡಲು ಜಾಗವಿಲ್ಲ. ಬಕೆಟ್ ಅಲುಗಿಸಿದರೆ ಎಲ್ಲವೂ ಜೋಳಕ್ಕೆ ನುಗ್ಗಿದವು. ವಾರವಿಡೀ ಅದೇ ಬಕೆಟ್ಟಿನಲ್ಲಿ ಅವನೇ ತಿನ್ನಿಸಿದ್ದನಲ್ಲ.

ಕೊನೆಗೆ ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ. "ಗೊತ್ತಾಗ್ತಿಲ್ಲ ಕಣೇ" ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ.

ರೇಫರ್ಡ್ ಅವನ ಕಿವಿಯ ಹತ್ತಿರ ಬಂದ. "ಲೋ, ಯಾವ್ದಾದ್ರೂ ಒಂದನ್ನ ತೋರ್ಸಿ ಇದೇ ಅನ್ನೋ. ಆಯಮ್ಮಂಗೇನ್ ಕಾಣುತ್ತಾ? ನಂಬ್ತಾಳೆ."

"ಅವಳು ನಂಬ್ತಾಳೆ," ಎಂದ ಕ್ಲೋವಿಸ್. "ಡೆಲ್ಬರ್ಟ್ ನಂಬಲ್ಲ."

ಒಪಲ್ ತಾನೇ ಕೂಗಿ ನೋಡಿದಳು. ಊಯ್ ಎನ್ನುವಷ್ಟರಲ್ಲಿ ಕೂಗು ಕೆಮ್ಮಾಯಿತು. ಹಂದಿಗಳು ತಲೆಯೂ ಎತ್ತಲಿಲ್ಲ. "ನನಗೆ ಬರಲ್ಲ," ಎಂದಳು. "ಅವನು ಕೂಗ್ತಿದ್ದಾಗ ನಾನು ಯಾವತ್ತು ಕಲಿಯೋಕ್ಹೋದೆ? ಸಾಕು ಬಾಯ್ಮುಚ್ಚು, ಊಟ ಆರಿಹೋಗುತ್ತೆ ಅಂತ ಅಡುಗೆಮನೆಯಿಂದ ಬೈತಿದ್ದೆ."

ಆ ಕೂಗು ಬರುವವನು ಊರಲ್ಲಿ ಇನ್ನೊಬ್ಬನೇ ಎಂದು ಮೂವರಿಗೂ ಗೊತ್ತಿತ್ತು. ರೇಫರ್ಡ್‌ಗೂ ಗೊತ್ತಿತ್ತು, ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೇ ಅವನು.

"ಕೂಗೋ," ಎಂದೆ.

"ಬೇಡ ನಡೀನ್."

"ಕೂಗೋ ಮಾರಾಯ. ಬೇಡದ ಹೊತ್ತಲ್ಲಿ ಸಾವಿರ ಸಲ ಕೂಗ್ದೆ. ಬೇಕಾದಾಗ ನಿನಗೆ ಬಾಯಿ ಬಿದ್ಹೋಯ್ತಾ?"

ಅವನ ಕಿವಿ ಕೆಂಪಾದವು. ಒಪಲ್ ಕಡೆ ತಿರುಗಿದ, ನೇರವಾಗಿ, ಮಾರ್ಚಿಯಿಂದೀಚೆಗೆ ಮೊದಲ ಸಲ. "ಒಪಲ್, ನೀನು ಹೋಗಿ ಗಾಡೀಲಿ ಕೂತ್ಕೋ. ಕಿಟಕಿ ಏರಿಸ್ಕೋ. ನಾನು ಅಣಕಿಸ್ತಿಲ್ಲ. ಆಣೆಗೂ ಅಣಕಿಸ್ತಿಲ್ಲ."

ಅವಳು ಹೋಗಿ ಗಾಡಿ ಹತ್ತಿದಳು. ನಾನು ಬಾಗಿಲು ಹಾಕಿ ಗಾಡಿಯ ಪಕ್ಕದಲ್ಲೇ ನಿಂತೆ. ಅವನು ದೊಡ್ಡಿಯ ಗೇಟಿನ ಹತ್ತಿರ ನಿಂತು ಒಂದು ಕೈ ಸೊಂಟದ ಮೇಲಿಟ್ಟ. ಇಡದೆ ಅವನಿಗೆ ಆ ಕೂಗು ಬರುವುದಿಲ್ಲ. ಕತ್ತು ಚಾಚಿ ಕಣ್ಣು ಮುಚ್ಚಿದ.

"ವೂ...ಊ...ಊಯ್! ಪೀಗ್, ಪೀಗ್!"

ಹಿಂಡಿಗೆ ಹಿಂಡೇ ಬೆದರಿ ಆಚೆ ಬದಿಯ ಜಾಲರಿಗೆ ಅಪ್ಪಳಿಸಿತು. ಒಂದು ಮಾತ್ರ ಅಪ್ಪಳಿಸಲಿಲ್ಲ. ಕರಿ ಹೆಣ್ಣು, ಬಾಲವಿಲ್ಲ, ಹೆಗಲ ತುಂಬ ಒಣಗಿದ ಕೆಸರು. ತಲೆ ಎತ್ತಿತು. ಒಮ್ಮೆ ಗುರ್ ಅಂದಿತು. ಗುದ್ದಾಡುತ್ತಿದ್ದ ಹಂದಿಗಳ ನಡುವಿನಿಂದ ಯಾವ ಅವಸರವೂ ಇಲ್ಲದೆ ನಡೆದು ಬಂದು, ಕ್ಲೋವಿಸ್‌ನ ಮೊಣಕಾಲಿನ ಎದುರು ಜಾಲರಿಗೆ ಪಕ್ಕೆ ಒರಗಿಸಿ ನಿಂತಿತು, ತುರಿಸು ಎನ್ನುವ ಹಾಗೆ. ಹಿಂದೆಯೇ ಮೈಮೇಲೆ ಪಟ್ಟೆ ಇರುವ ಮರಿಗಳು ಓಡಿ ಬಂದವು. ಅಪ್ಪ ಯಾರೆಂದು ಆ ಪಟ್ಟೆಯೇ ಹೇಳುತ್ತಿತ್ತು, ಶುದ್ಧ ಕಾಡುಪೋಕರಿ.

"ಅಯ್ಯೋ ದೇವರೇ, ಮರ್ಯಾದಸ್ಥರ ಮನೆ ಹಂದಿ!" ಎಂದ ರೇಫರ್ಡ್. "ಒಂದು ಅಂತ ಮಾತಾಗಿತ್ತು ಕ್ಲೋವಿಸ್. ಈ ಪಟಾಲಂ ಲೆಕ್ಕದಲ್ಲಿರ್ಲಿಲ್ಲ."

ಕ್ಲೋವಿಸ್ ಜಾಲರಿಯೊಳಗೆ ಬೆರಳು ತೂರಿಸಿ ಆ ಕೆಸರು ಹೆಗಲು ತುರಿಸುತ್ತಿದ್ದ. ಮೂಗು ಸೊರ್ ಎನ್ನಿಸಿಕೊಂಡದ್ದು ನನಗೆ ಕೇಳಿಸಿತು. ಹಂದಿದೇನೋ ಅಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಗಾಡಿಯ ಬಾಗಿಲು ತೆರೆಯಿತು. ಕಿಟಕಿಯನ್ನು ಅವಳು ಏರಿಸಿಯೇ ಇರಲಿಲ್ಲ. ಒಪಲ್ ಇಳಿದು, ಕೆಸರಿನಲ್ಲಿ ಭಾನುವಾರದ ಬೂಟು ಹೂತುಕೊಳ್ಳುತ್ತ, ಜಾಲರಿ ಸವರಿಕೊಂಡು ಬಂದು, ಅದರ ಕಣ್ಣಿನೊಳಗೆ ಕೈ ತೂರಿಸಿ ಟ್ರೂಡಿಯ ಬೆನ್ನಿನ ಮೇಲೆ ಅಂಗೈ ಇಟ್ಟಳು.

"ಅವು ಡೆಲ್ಬರ್ಟ್ ಮೊಮ್ಮಕ್ಳು ರೇಫರ್ಡ್. ಮುಟ್ಟಿ ನೋಡು, ಗೊತ್ತಾಗುತ್ತೆ ನಿನಗೆ" ಎಂದಳು. ರೇಫರ್ಡ್ ಬಂದೂಕು ಕೆಳಗಿಳಿಸಿ ದೂರ ಸರಿದು ನಿಂತ.

ಆಮೇಲೆ ಅವಳು ನಮ್ಮಣ್ಣನಿಗೆ ಹೇಳಿದಳು. "ಕ್ಲೋವಿಸ್, ಮೂವತ್ತು ವರ್ಷ ಅಣಕಿಸಿದ್ಯಲ್ಲ, ಮೂವತ್ತು ವರ್ಷಾನೂ ತಪ್ಪು ಕೂಗಿದೀಯ. ಕೊನೇ ಪೀಗ್ ನೀನು ಎಳೀತೀಯ. ಅವನು ಎಳೀತಿರ್ಲಿಲ್ಲ. ಮೆತ್ತಗೆ ಇಳಿಸ್ತಿದ್ದ, ಪಕ್ಕದಲ್ಲಿರೋರ್ನ ಮಾತಾಡಿಸ್ದಂಗೆ. ಇನ್ನೊಂದ್ಸಲ ಕೂಗು."

ತನ್ನ ಜನ್ಮದಲ್ಲಿ ಯಾರಿಂದಲೂ ತಿದ್ದಿಸಿಕೊಳ್ಳದ ನಮ್ಮಣ್ಣ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮತ್ತೆ ಕೂಗಿದ.

"ಇನ್ನೂ ಮೆತ್ತಗೆ."

ಅವನು ಮೂರನೇ ಸಲ ಕೂಗಿದ. ಕೊನೆಯ ಪೀಗ್ ಅನ್ನು ಎಳೆಯದೆ ಮೆತ್ತಗೆ ಕೆಳಗಿಳಿಸಿದ. ಒಪಲ್ ಹಂದಿಯ ಮೇಲಿನ ಕೈ ತೆಗೆಯದೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನಾನು ಮಾತ್ರ ಗಕ್ಕನೆ ತಿರುಗಿ ದಾರಿಯ ಕಡೆ ನೋಡಿಬಿಟ್ಟೆ, ಡೆಲ್ಬರ್ಟ್ ಯಾವಾಗ ಬಂದ ಎಂದು.