ಹತ್ತಿಯ ಮೈ ಬಾಚುತ್ತಿದ್ದ ಕಾಕಾ

ಒದ್ದೆ ನಾಯಿಯ ಮೈವಾಸನೆ, ಅದರೊಳಗೆ ಬೇವಿನೆಲೆ ಕುದಿಸಿದ ನೀರಿನ ಕಹಿ. ಹೋದ ತಿಂಗಳು ನಾಸಿಕದಲ್ಲಿ ಮಗಳ ನಾಯಿಗೆ ಸ್ನಾನ ಮಾಡಿಸಲು ಹೋದಾಗ ಈ ವಾಸನೆ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು. ಗಾಜಿನ ಬಾಗಿಲಿನ ಅಂಗಡಿ, ತಣ್ಣನೆಯ ಏಸಿ, ಗೋಡೆಯ ತುಂಬ ನಾಯಿಗಳ ಫೋಟೋ. ಮೇಜಿನ ಮೇಲೆ ನಿಂತಿದ್ದ ಯಾರದೋ ನಾಯಿಯ ಬೆನ್ನಿನಿಂದ ಅಲ್ಲಿಯ ಹುಡುಗಿ ಬ್ರಷ್ ತುಂಬ ಬಿಳಿ ಕೂದಲು ತೆಗೆದು, ಉಂಡೆ ಮಾಡಿ, ಕಸದ ಡಬ್ಬಿಗೆ ಹಾಕುತ್ತಿದ್ದಳು. "ಆಜಿ, ಬಸಾ ನಾ," ಎಂದು ಕುರ್ಚಿ ತೋರಿಸಿದಳು. ನನಗೆ ಕೂರಲು ಆಗಲಿಲ್ಲ. ಐವತ್ತು ವರ್ಷಕ್ಕೂ ಹಿಂದಿನ ನಾಲ್ಕು ಗಂಟೆಯ ಬಿಸಿಲು, ಪಕ್ಕದ ಮನೆಯ ಕಾಕಾ...

ಮದುವೆಯಾಗಿ ಕಲಬುರ್ಗಿಯಿಂದ ಔರಂಗಾಬಾದಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಎಪ್ಪತ್ತನೆಯ ಇಸವಿಯ ಆಸುಪಾಸು. ಸಂಭಾಜಿನಗರ ಎಂಬ ಹೆಸರು ಬಂದದ್ದು ಈಚೆಗೆ. ನನ್ನ ನೆನಪಿನಲ್ಲಿ ಅದಿನ್ನೂ ಔರಂಗಾಬಾದೇ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಮಿಲಿಟರಿ ಛಾವಣಿಯ ಹತ್ತಿರದ ಗಲ್ಲಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು ನಮ್ಮದು. ಇನ್ನೊಂದರಲ್ಲಿ ಬೀದರ್ ಕಡೆಯ ಗಂಡಹೆಂಡತಿ. ಇಡೀ ಗಲ್ಲಿ ಅವರನ್ನು ಕಾಕಾ, ಕಾಕೂ ಎನ್ನುತ್ತಿತ್ತು, ನಾವೂ ಹಾಗೆಯೇ ಕರೆದೆವು. ಸುತ್ತಲೂ ಮರಾಠಿ, ಹಿಂದಿ. ಗೋಡೆಯಾಚೆಯಿಂದ ಕನ್ನಡ ಕೇಳಿಸಿದ ಮೊದಲ ದಿನ ನಾನು ಒಲೆಯ ಮುಂದೆ ಕೂತು ಅತ್ತಿದ್ದೆ.

ಕಾಕಾ ಛಾವಣಿಯ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಮಕ್ಕಳಿರಲಿಲ್ಲ. ಕಾಕೂಗೆ ಕಣ್ಣು ಹೋಗಿ ಆರೇಳು ವರ್ಷಗಳಾಗಿದ್ದವು, ಎದೆಯೂ ದುರ್ಬಲ. ಅವರ ಜೊತೆಗೆ ಉದ್ದ ಕೂದಲಿನ ಒಂದು ಬಿಳಿ ನಾಯಿ. ವರ್ಗವಾಗಿ ಹೋಗುವಾಗ ಯಾರೋ ಅಧಿಕಾರಿ ಬಿಟ್ಟುಹೋದದ್ದು. ಕಾಕೂ ಅದಕ್ಕೆ 'ಹತ್ತಿ' ಎಂದು ಹೆಸರಿಟ್ಟಿದ್ದರು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಗಲ್ಲಿಯ ಮಕ್ಕಳು ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದವು.

ದಿನವೂ ನಾಲ್ಕು ಗಂಟೆಗೆ ಹಿತ್ತಲ ಪಡಸಾಲೆಯಲ್ಲಿ ಕಾಕಾ ಗೋಣಿತಟ್ಟು ಹಾಸಿ ಹತ್ತಿಯನ್ನು ಕೂರಿಸುತ್ತಿದ್ದರು. ಪಕ್ಕದ ಹೊರಸಿನ ಮೇಲೆ ಕಾಕೂ. ಹಣಿಗೆ ಉಕ್ಕಿನದು, ಹಲ್ಲು ಉದ್ದ. ಅವರು ಬಾಚುವುದನ್ನು ನೋಡುತ್ತ ನಿಲ್ಲುವುದು ನನಗೆ ಅಭ್ಯಾಸವಾಯಿತು. ಮೊದಲು ಕೂದಲಿನ ತುದಿ, ಆಮೇಲೆ ನಡು, ಕೊನೆಗೆ ಬುಡ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ಒಳಬದಿಗೆ ಗಂಟು ಬೇಗ ಆಗುತ್ತದೆ ಎಂದು ತೋರಿಸುತ್ತಿದ್ದರು. ಗಂಟು ಬಿಡಿಸದೆ ನೀರು ಹಾಕಿದರೆ ಅದು ಕಂಬಳಿಯ ಹಾಗೆ ಗಟ್ಟಿಯಾಗಿ ಚರ್ಮವನ್ನೇ ಎಳೆಯುತ್ತದೆಯಂತೆ. ವಾರಕ್ಕೊಮ್ಮೆ ಬೇವಿನೆಲೆಯ ನೀರು. ಬೆರಳ ಸಂದಿಯಲ್ಲಿ ಉಣ್ಣೆಹುಳ ಸಿಕ್ಕರೆ ಚಿಮಟದಿಂದ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ. ಬೇಸಿಗೆಯಲ್ಲಿ, ಪಾಪ, ಇಷ್ಟು ಕೂದಲು ಬೋಳಿಸಬಾರದೇ ಎಂದು ನಾನು ಕೇಳಿದ್ದೆ.

"ಅದು ಕಂಬಳಿ ಅಲ್ಲವ್ವಾ, ಮನಿ ಮಾಳಿಗಿ ಇದ್ದಂಗ," ಎಂದಿದ್ದರು ಕಾಕಾ. "ಬಿಸಲನ್ನ ಒಳಗ ಬಿಡಂಗಿಲ್ಲ. ಬೋಳಿಸಿದರ ಮೈ ಸುಡ್ತದ."

ಉದುರಿದ ಕೂದಲನ್ನು ಅವರು ಕಾಕೂನ ಮಡಿಲಿಗೆ ಹಾಕುತ್ತಿದ್ದರು. ಕಾಕೂ ಅದನ್ನು ಬೆರಳಲ್ಲಿ ಹಿಂಜಿ ಹಿಂಜಿ ಒಂದು ದಿಂಬಿನೊಳಗೆ ತುಂಬುತ್ತಿದ್ದರು. ಇಡೀ ದಿನದಲ್ಲಿ ಅವರ ಮುಖ ಅರಳುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಮುಂದಿನ ಬೇಸಿಗೆಯಲ್ಲಿ ಕಾಕೂನ ತಮ್ಮ ಬಂದು ಅಕ್ಕನನ್ನು ಮಾತ್ರ ತಮ್ಮ ಮಗಳ ಮದುವೆಗೆಂದು ಭಾಲ್ಕಿಗೆ ಕರೆದುಕೊಂಡು ಹೋದರು. ಅವರು ಹೋದ ಎಂಟು ಹತ್ತು ದಿನಕ್ಕೆ ಹತ್ತಿ ಸತ್ತಿತು. ವಯಸ್ಸಾಗಿತ್ತು. ಗೋಣಿತಟ್ಟಿನ ಮೇಲೆ ಮಲಗಿದ್ದದ್ದು ಏಳಲಿಲ್ಲ. ಕಾಕಾ ಮತ್ತು ನಮ್ಮ ಯಜಮಾನರು ಹಿತ್ತಲಿನ ಸೀತಾಫಲದ ಗಿಡದ ಬುಡದಲ್ಲಿ ಗುಂಡಿ ತೋಡಿದರು. ಮಣ್ಣು ಹಾಕುವ ಮೊದಲು ಕಾಕಾ ಹಣಿಗೆ ತಂದು ಅದರ ಮೈಯನ್ನು ಒಂದು ಸಲ ಪೂರ್ತಿ ಬಾಚಿದರು. ಆ ಹೊತ್ತು ನಾನು ಅಲ್ಲೇ ಇದ್ದೆ. ಮಣ್ಣು ಬಿದ್ದದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ... ಇರಲಿ.

"ಆಕಿಗಿ ಹೇಳಬ್ಯಾಡ್ರಿ," ಎಂದರು ಕಾಕಾ, ಕೈ ತೊಳೆಯುತ್ತ. "ಆಕಿ ಎದಿ ತಡಕೊಳ್ಳಂಗಿಲ್ಲ."

ಕಾಕೂ ಮರಳಿದ ದಿನ ಗೋಡೆಯಾಚೆ ಏನಾಗುವುದೋ ಎಂದು ನಾನು ಕೆಲಸ ಬಿಟ್ಟು ಕಿವಿಗೊಟ್ಟು ನಿಂತಿದ್ದೆ. ನಾಲ್ಕು ಗಂಟೆಗೆ ಹಣಿಗೆಯ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಕಾಕಾ ಬರಿಯ ಗೋಣಿತಟ್ಟಿನ ಮೇಲೆ ಹಣಿಗೆ ಆಡಿಸುತ್ತಿದ್ದರು. ಪಕ್ಕದಲ್ಲಿ ದಿಂಬು, ಅದರ ಹೊಲಿಗೆ ಬಿಚ್ಚಿತ್ತು. ಅದರೊಳಗಿಂದಲೇ ಒಂದು ಹಿಡಿ ಕೂದಲು ತೆಗೆದು ಹೆಂಡತಿಯ ಮಡಿಲಿಗೆ ಹಾಕಿದರು. ಹತ್ತಿಗೆ ಹುರುಕು ಎದ್ದಿದೆ, ಮುಲಾಮು ಹಚ್ಚಿದ್ದೇನೆ, ಮುಟ್ಟಬೇಡ ಎಂದು ಹೇಳಿದ್ದರಂತೆ. ಬೊಗಳುವುದನ್ನು ಹತ್ತಿ ಮೊದಲೇ ಬಿಟ್ಟಿತ್ತು. ಕಾಕೂ ನಂಬಿದರು, ಅಥವಾ ನಂಬಿದ ಹಾಗೆ ಇದ್ದರು. ಹಿಂಜಿದ ಕೂದಲನ್ನು ಮತ್ತೆ ಒಂದು ಬಟ್ಟೆಯ ಗಂಟಿಗೆ ತುಂಬತೊಡಗಿದರು.

ಹೀಗೆ ಮಳೆಗಾಲ ಕಳೆಯಿತು.

ದಸರೆಯಾದ ಮೇಲೆ ಬೀದರಿನಲ್ಲಿ ಕಾಕಾನ ಅಣ್ಣ ತೀರಿಕೊಂಡರು. ಮೂರು ದಿನದ ಮಟ್ಟಿಗೆ ಹೋಗಲೇಬೇಕು. ಹೊರಡುವ ಮುನ್ನ ಅವರು ನಮ್ಮ ಬಾಗಿಲಿಗೆ ಬಂದು ಹಣಿಗೆಯನ್ನು ನನ್ನ ಕೈಗೆ ಕೊಟ್ಟರು.

"ನಾಕು ಗಂಟೆಗಿ ಆಕಿ ಕಾಯ್ತಾಳವ್ವಾ. ಅಷ್ಟು ನಡಸಿಕೊಡು."

"ಕೂದಲು ದಿಂಬಿನಾಗ ಅದಾವ ಹೌದಲ್ರಿ ಕಾಕಾ?"

"ದಿಂಬು ಕಪಾಟಿನಾಗ ಅದ," ಎಂದಷ್ಟೇ ಹೇಳಿ ಬಸ್ಸಿಗೆ ಹೊರಟುಹೋದರು.

ಮರುದಿನ ಕಪಾಟು ತೆಗೆದೆ. ದಿಂಬಿನ ಚೀಲ ಒಗೆದು, ಮಡಿಸಿ ಇಟ್ಟದ್ದು ಸಿಕ್ಕಿತು. ಒಳಗೆ ಒಂದು ಎಳೆಯೂ ಇರಲಿಲ್ಲ. ಕಾಕೂ ಕಟ್ಟುತ್ತಿದ್ದ ಗಂಟನ್ನೇ ಇವರು ಬಿಚ್ಚಿ ಬಳಸುತ್ತಿರಬೇಕು ಎಂದುಕೊಂಡು ಅದನ್ನು ಹುಡುಕಿದೆ. ಒಂದಲ್ಲ, ನಾಲ್ಕು ಗಂಟುಗಳಿದ್ದವು. ನಾಲ್ಕೂ ಬಿಗಿಯಾಗಿ ತುಂಬಿ, ಬಾಯಿ ಹೊಲಿದು, ಹೊರಸಿನ ಕೆಳಗೆ ಸಾಲಾಗಿ... ಒಂದು ದಿಂಬಿನ ಕೂದಲು ನಾಲ್ಕು ಗಂಟಾದದ್ದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಕಾಕೂ ಕರೆದರು.

ನಾನು ಗೋಣಿತಟ್ಟಿನ ಮುಂದೆ ಕೂತು, ಸದ್ದು ಬರಲೆಂದು ಹಣಿಗೆಯನ್ನು ಅದರ ಮೇಲೆಯೇ ಎಳೆದೆ. ಐದು ನಿಮಿಷ ಎಳೆದು, "ಇವತ್ತು ಕೂದಲು ಉದರವಲ್ಲವು ಕಾಕೂ," ಎಂದೆ.

ಅವರು ನಕ್ಕರು. "ನೀ ಗೋಣಿ ಬಾಚ್ಲಕತ್ತಿ ಮಗಳ. ಕೈ ಮ್ಯಾಲೆತ್ತು. ಅದರ ಬೆನ್ನು ಇನ್ನಾ ಎತ್ತರದಾಗ ಅದ."

ಏನೋ ನೆಪ ಹೇಳಿ ಎದ್ದು ಬಂದೆ. ಯಜಮಾನರಿಗೆ ಹೇಳಿದಾಗ, ಕುರುಡರಿಗೆ ಕಿವಿ ಚುರುಕು, ಗೋಣಿಯ ಸದ್ದು ಗೊತ್ತಾಗುವುದಿಲ್ಲವೇ, ಎಂದರು. ಸರಿ ಎನ್ನಿಸಿತು. ಆದರೆ ಕಾಕೂಗೆ ನಾಯಿ ಇಲ್ಲ ಎಂದು ಗೊತ್ತಾಗಿದ್ದರೆ ಬೆನ್ನಿನ ಎತ್ತರ ಯಾಕೆ ಹೇಳಬೇಕು?

ಎರಡನೆಯ ದಿನ ಹೋಗಲು ಮನಸ್ಸಿರಲಿಲ್ಲ. ಕಾಕೂ ಗೋಡೆ ಬಡಿದು ಕರೆದರು. ಹೋದೆ. ಹಿತ್ತಲಲ್ಲಿ ಒಳ್ಳೆಯ ಬಿಸಿಲು. ಯಾರದೋ ಮನೆಯ ರೇಡಿಯೋ ಕೇಳಿಸುತ್ತಿತ್ತು. ಈ ಸಲ ಕೈಯನ್ನು ಗೋಣಿಯಿಂದ ಒಂದು ಮೊಳ ಮೇಲೆ ಹಿಡಿದು ಗಾಳಿಯಲ್ಲಿ ಆಡಿಸಿದೆ. ಸದ್ದೇ ಇಲ್ಲ. ಕಾಕೂ ತಲೆ ವಾಲಿಸಿ ಕೇಳುತ್ತಿದ್ದರು.

"ಹಾಂ, ಈಗ ಬರೋಬ್ಬರಿ. ಆದರ ಮ್ಯಾಲ ಮ್ಯಾಲ ಬಾಚಬ್ಯಾಡ. ಒಳಗಿನ ಸಣ್ಣ ಕೂದಲಿಗಿ ಹಣಿಗಿ ಮುಟ್ಟಬೇಕು. ಹಿಂದ ಹೋಗು. ಇನ್ನಾ ಹಿಂದ."

ಅವರು ಹೇಳಿದ ಹಾಗೆ ಕೈಯನ್ನು ಹಿಂದಕ್ಕೆ ಒಯ್ದೆ. ಅಲ್ಲಿ ಹಣಿಗೆ ಸಿಕ್ಕಿಕೊಂಡಿತು.

ಗೋಣಿಗೆ ಅಲ್ಲ, ನನ್ನ ಸೆರಗಿಗೂ ಅಲ್ಲ. ಎರಡನ್ನೂ ನೋಡಿದೆ. ಗಾಳಿಯ ನಡುವೆ, ಗಂಟು ಬಿದ್ದ ಕೂದಲಿಗೆ ಹಣಿಗೆ ಸಿಕ್ಕಾಗ ಹೇಗೆ ಎಳೆಯುತ್ತದೋ ಹಾಗೆಯೇ ಮೆತ್ತಗೆ ಎಳೆಯಿತು. ಬಿಟ್ಟು ಓಡಬೇಕೆಂದರೆ ಬೆರಳು ಬಿಡಲಿಲ್ಲ.

"ಜಗ್ಗಬ್ಯಾಡ," ಎಂದರು ಕಾಕೂ, ಎಂದಿನ ದನಿಯಲ್ಲಿ. "ನೋಯ್ತದ. ಎಡಗೈಲೆ ಬುಡಕ್ಕ ಹಿಡಿ, ಆಮ್ಯಾಲ ತುದಿಯಿಂದ ಬಿಡಸು."

ನಾನು ಎಡಗೈ ಚಾಚಿದೆ. ಯಾಕೆ ಚಾಚಿದೆನೋ ಗೊತ್ತಿಲ್ಲ. ಬೆರಳಿಗೆ ಬೆಚ್ಚಗಾಯಿತು. ಉಸಿರಾಡುವ ಪ್ರಾಣಿಯ ಪಕ್ಕೆಯ ಮೇಲೆ ಕೈಯಿಟ್ಟಾಗಿನ ಬಿಸುಪು. ಹಣಿಗೆ ಸಡಿಲವಾಗಿ ಹೊರಬಂತು. ಅದರ ಹಲ್ಲುಗಳ ನಡುವೆ ಬಿಳಿ ಕೂದಲಿತ್ತು.

ಕಾಕೂ ಮಡಿಲು ಚಾಚಿದರು. ಅದರಲ್ಲಿ ಹಣಿಗೆಯನ್ನು ಹಾಗೆಯೇ ಹಾಕಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಮೂರನೆಯ ದಿನ ಜ್ವರ ಎಂದು ಹೇಳಿ ಕಳಿಸಿದೆ.

ಕಾಕಾ ಬಂದವರು ಕೈಕಾಲು ತೊಳೆಯುವ ಮುನ್ನವೇ ನಮ್ಮ ಮನೆಗೆ ಬಂದರು. ತಲೆ ಬೋಳಿಸಿಕೊಂಡಿದ್ದರು. ಸೊರಗಿದ್ದರು. ಹೊಸ್ತಿಲ ಆಚೆಯೇ ನಿಂತು, ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಪಿಸುದನಿಯಲ್ಲಿ ಕೇಳಿದರು.

"ನಿನಗೂ ಸಿಕ್ಕತೇನವ್ವಾ?"

ನನ್ನ ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ದಿಂಬು ಆಷಾಢದಾಗೇ ಖಾಲಿ ಆಗ್ಯಾದ. ಅವತ್ತಿಂದ ಹಣಿಗಿಗಿ ಬರ್ಲಕತ್ಯಾದ. ಯಾರ ಮುಂದೂ ಹೇಳಿಲ್ಲ. ನನಗ ಹುಚ್ಚು ಹಿಡದದ ಅಂತ ತಿಳಕೊಂಡೀನಿ. ಅದಕ್ಕೇ ನಿನ್ನ ಕೈಗಿ ಕೊಟ್ಟು ಹೋದೆ. ಖರೆ ಹೇಳು."

ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಹೌದು ಎನ್ನುವ ಒಂದು ಮಾತಿಗೆ ಆ ಮುದುಕ ಬೀದರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದರು. ನನಗೆ ಆಗ ಐದು ತಿಂಗಳು. ಹೊಟ್ಟೆಯಲ್ಲಿ ಕೂಸು, ಗೋಡೆಯಾಚೆ ಅದು. ಹೌದು ಎಂದುಬಿಟ್ಟರೆ ಅದು ಖರೆಯೇ ಆಗಿಬಿಡುತ್ತದೆ ಎಂದು ಹೆದರಿದೆ.

"ನನಗೇನೂ ಸಿಗಲಿಲ್ರಿ ಕಾಕಾ," ಎಂದೆ.

"ಹಂಗೇನು," ಎಂದರು. ಆಮೇಲೆ ನಿಧಾನವಾಗಿ ಗೋಡೆ ಹಿಡಿದುಕೊಂಡು ಹೋದರು.

ಅಂದಿನಿಂದ ನಾಲ್ಕು ಗಂಟೆಗೆ ಹಣಿಗೆಯ ಸದ್ದು ಕೇಳಿಸಲಿಲ್ಲ. ಗೋಣಿತಟ್ಟನ್ನು ಕಸದ ಗಾಡಿಗೆ ಹಾಕಿದ್ದನ್ನು ನೋಡಿದೆ. ಆದರೆ ಕಾಕೂನ ದನಿ ದಿನವೂ ಗೋಡೆಯ ಮೂಲಕ ಬರುತ್ತಿತ್ತು. "ಬಂದು ಕುಂತದ ನೋಡ್ರಿ. ಬಾಚಂಗಿಲ್ಲೇನು?" ಕಾಕಾನ ಉತ್ತರ ಒಂದು ದಿನವೂ ಕೇಳಿಸಲಿಲ್ಲ. ಅವರು ಆ ಹೊತ್ತಿಗೆ ಮನೆ ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದರು. ಕೆಲವು ದಿನ ಗಲ್ಲಿಯ ತುದಿಯ ಕಟ್ಟೆಯ ಮೇಲೆ, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿರುತ್ತಿದ್ದರು. ನಾನು ಎದುರಾದರೆ ಮೊದಲಿನ ಹಾಗೆ ಮಾತಾಡಿಸುತ್ತಿರಲಿಲ್ಲ. ತಪ್ಪು ಮಾಡಿದವರ ಹಾಗೆ ಕಣ್ಣು ತಗ್ಗಿಸುತ್ತಿದ್ದರು. ತಪ್ಪು ಯಾರದು...

ಸಂಕ್ರಾಂತಿಯ ಹೊತ್ತಿಗೆ ಕಾಕೂ ಹೋದರು. ನಾನು ಹೆರಿಗೆಗೆಂದು ತವರಿನಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ಯಜಮಾನರಿಗೆ ನಾಸಿಕಕ್ಕೆ ವರ್ಗವಾಗಿತ್ತು. ಸಾಮಾನು ಕಟ್ಟುವ ಎರಡು ದಿನ ಗೋಡೆಯಾಚೆ ಮನುಷ್ಯ ಇದ್ದಾನೆ ಎನ್ನುವ ಸದ್ದೂ ಇರಲಿಲ್ಲ. ಹೊರಡುವ ದಿನ ಕೂಸನ್ನು ತೋರಿಸಲೆಂದು ಬಾಗಿಲು ತಟ್ಟಿದೆ. ಹೇಳಿಬಿಡಬೇಕೆಂದೂ ಮನಸ್ಸಿನಲ್ಲಿತ್ತು. ಕಾಕಾ ಬಾಗಿಲು ತೆರೆದು, ಮಗುವಿನ ತಲೆಯ ಹತ್ತಿರ ಕೈ ತಂದವರು, ಮುಟ್ಟದೆಯೇ ಹಿಂದಕ್ಕೆ ತೆಗೆದುಕೊಂಡರು. "ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲವ್ವಾ," ಎಂದರು. ಟಾಂಗಾದವನು ಕೂಗುತ್ತಿದ್ದ. ನಾನು ಹೊರಟುಬಿಟ್ಟೆ.

ಎರಡು ವರ್ಷದ ಮೇಲೆ ಅವರೂ ಹೋದರೆಂದು ಯಾರೋ ಹೇಳಿದರು.

ಹೋದ ವಾರ ಮಗಳಿಗೆ ಸಂಭಾಜಿನಗರದಲ್ಲಿ ಏನೋ ಕೆಲಸವಿತ್ತು. ನಾನೂ ಬರುತ್ತೇನೆಂದು ಹಟ ಹಿಡಿದು ಅವಳ ಜೊತೆ ಹೋದೆ. ಆ ಗಲ್ಲಿ ಸಿಕ್ಕಿತು. ಎರಡು ಮನೆಗಳಿದ್ದ ಕಡೆ ನಾಲ್ಕು ಮಾಳಿಗೆಯ ಕಟ್ಟಡ, ಕೆಳಗೆ ಸ್ಕೂಟರುಗಳ ಸಾಲು. ಗೇಟಿನ ಹತ್ತಿರ ನಾನು ಬಹಳ ಹೊತ್ತು ನಿಂತದ್ದನ್ನು ನೋಡಿ ಕಾವಲುಗಾರ ಎದ್ದು ಬಂದ. "ಕುಣಾಲಾ ಭೇಟಾಯಚಂಯ್, ಆಜಿ?" ಎಂದು ಕೇಳಿದ. ಯಾರನ್ನು ನೋಡಬೇಕು ಎಂದರೆ ಹೇಳಲು ನನ್ನ ಹತ್ತಿರ ಒಂದು ಹೆಸರಿರಲಿಲ್ಲ. ಎರಡು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಯಜಮಾನರಿಗೆ ಗೊತ್ತಿದ್ದಿರಬಹುದು. ಅವರೂ ಈಗಿಲ್ಲ.

ಯಾರೂ ಇಲ್ಲಪ್ಪಾ ಎಂದು ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಮಗಳು ಬಂದು ನನ್ನ ತೋಳು ಹಿಡಿದು ಕಾರಿನ ಕಡೆಗೆ ನಡೆಸಿಕೊಂಡು ಹೋದಳು.